ಒತ್ತಕ್ಷರ ಒಡೆದರೆ ಅಫಿಡವಿಟ್ ನಾವ್ಯಾಕೆ ಮಾಡಿಸಬೇಕು?

ಜೂನ್ ತಿಂಗಳು. ಹಾಸ್ಟೆಲ್ ಅರ್ಜಿ ಹಾಕುವ ಕಡೇ ವಾರ. ಪಕ್ಕದ ಊರಿನ ಅಕ್ಕ ಒಬ್ಬರು ಮಗಳನ್ನು ಕರೆದುಕೊಂಡು, ತಾಲ್ಲೂಕು ಬಸ್‌ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಗೆ ನಮ್ಮನ್ನು ಹುಡುಕಿಕೊಂಡು ಬಂದರು. ಪೇಪರಿನವರು ಹೇಳಿದರೆ ಆಫೀಸಿನವರು ಕೇಳುತ್ತಾರೆ ಎಂಬ ನಂಬಿಕೆ ಹಳ್ಳಿ ಕಡೆ ಇನ್ನೂ ಇದೆ. ಸುದ್ದಿಗೆ ಇಷ್ಟು ಅಂತ ಲೆಕ್ಕ ಹಾಕಿ ದುಡ್ಡು ಪಡೆಯುವ ನಮ್ಮಂಥವರ ಮಾತು ಎಷ್ಟು ನಡೆಯುತ್ತದೆ ಅನ್ನೋದು ನಮಗೆ ಮಾತ್ರ ಗೊತ್ತು.

ಅಕ್ಕ ಪ್ಲಾಸ್ಟಿಕ್ ಕವರಿನಿಂದ ಆದಾಯ ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟರು.

“ನೋಡಣ್ಣ, ಇದು ನನ್ನ ಹೆಸರೇ ಅಲ್ವಂತೆ.”

ಅವರ ನಿಜವಾದ ಹೆಸರು ಇಲ್ಲಿ ಬೇಡ. ಅದರಲ್ಲಿ ಎರಡು ಒತ್ತಕ್ಷರ ಇವೆ, ರತ್ನಮ್ಮ ಅಂತ ಇಟ್ಟುಕೊಳ್ಳಿ. ಪತ್ರದಲ್ಲಿ ಅಚ್ಚಾಗಿದ್ದದ್ದು ‘ರತ್‌ನಮ್‌ಮ’. ಒತ್ತು ಕೆಳಗೆ ಕೂರುವ ಬದಲು ಪಕ್ಕಕ್ಕೆ ಎದ್ದು ನಿಂತಿತ್ತು. ಓದಲು ಬರುವವರಿಗೆ ಅದು ರತ್ನಮ್ಮನೇ ಅಂತ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಆದರೆ ಅರ್ಜಿ ಪರಿಶೀಲನೆಗೆ ಕೂತವರು, “ಆಧಾರ್‌ನಲ್ಲಿ ಒಂದು ಥರ ಇದೆ, ಇದರಲ್ಲಿ ಒಂದು ಥರ ಇದೆ, ಎರಡೂ ಒಬ್ಬರದೇ ಅಂತ ಅಫಿಡವಿಟ್ ಮಾಡಿಸ್ಕೊಂಡು ಬನ್ನಿ” ಅಂದಿದ್ದರು. ಪತ್ರ ಕೊಟ್ಟ ಕಚೇರಿಗೆ ವಾಪಸ್ ಹೋದರೆ, “ಅದು ಕಂಪ್ಯೂಟರ್ ಮಿಸ್ಟೇಕಮ್ಮ, ನಮ್ಮ ಕೈಲೇನೂ ಇಲ್ಲ.”

ಛಾಪಾ ಕಾಗದ, ಟೈಪಿಂಗು, ನೋಟರಿ, ಜೆರಾಕ್ಸು. ಜತೆಗೆ ಎರಡು ದಿನದ ಕೂಲಿ ಹೋಯಿತು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಇರುವುದರಿಂದ ಓಡಾಟದ ದುಡ್ಡು ಉಳಿಯಿತು ಅನ್ನಬೇಕು, ಅಷ್ಟೇ. ತನ್ನ ಹೆಸರು ತನ್ನದೇ ಅಂತ ತಾನೇ ದುಡ್ಡು ಕೊಟ್ಟು ಪ್ರಮಾಣ ಮಾಡಿ ಬಂದರು ಆ ಅಕ್ಕ.

ಪತ್ರದ ಕೆಳಗೆ ಎಂದಿನ ಸಾಲು ಇತ್ತು: ಇದು ಕಂಪ್ಯೂಟರ್ ಮೂಲಕ ತಯಾರಾದ ದಾಖಲೆ, ಸಹಿಯ ಅಗತ್ಯವಿಲ್ಲ. ಆ ಸಾಲನ್ನು ನಾವೆಲ್ಲ ಎಷ್ಟೋ ಕಾಗದಗಳಲ್ಲಿ ಓದಿದ್ದೇವೆ. ಅವತ್ತು ಅದು ಬೇರೆ ಥರ ಕೇಳಿಸಿತು. ಸಹಿ ಇಲ್ಲ ಅಂದರೆ ತಪ್ಪಾದಾಗ ಕೇಳಲಿಕ್ಕೆ ಮನುಷ್ಯರೂ ಇಲ್ಲ.

‘ಕಂಪ್ಯೂಟರ್ ಮಿಸ್ಟೇಕು’ ಅನ್ನೋ ಮಾತನ್ನು ನಾವು ಒಪ್ಪುವುದಿಲ್ಲ. ಈ ತಪ್ಪಿಗೆ ಕಾರಣ ಇದೆ, ಮಾಡಿದವರು ಇದ್ದಾರೆ, ಸರಿಪಡಿಸುವ ದಾರಿಯೂ ಇದೆ. ಇಷ್ಟು ಧೈರ್ಯವಾಗಿ ಹೇಳಲು ಕಾರಣ, ಇಂಥದ್ದೇ ತಪ್ಪನ್ನು ನಾವೇ ಮಾಡಿದ್ದೇವೆ.

ಹೋದ ವರ್ಷ ನಮ್ಮ ಗುಂಪಿನಿಂದ ಹಳ್ಳಿ ಹುಡುಗ ಹುಡುಗಿಯರಿಗೆ ಮೊಬೈಲ್‌ನಲ್ಲಿ ವರದಿ ಮಾಡುವ ತರಬೇತಿ ಇಟ್ಟುಕೊಂಡಿದ್ದೆವು. 64 ಜನ ಬಂದರು. ಕೊನೆಯ ದಿನ ಪ್ರಮಾಣಪತ್ರ ಕೊಡಬೇಕು. ಒಂದೊಂದೇ ಹೆಸರು ಟೈಪ್ ಮಾಡುವುದು ಯಾಕೆ ಅಂತ, ನಮ್ಮಲ್ಲೇ ಒಬ್ಬರು ಯೂಟ್ಯೂಬ್ ನೋಡಿ ಪೈಥಾನ್ ಕಲಿತವರು ಪುಟ್ಟ ಪ್ರೋಗ್ರಾಂ ಬರೆದರು. ಎಕ್ಸೆಲ್ ಪಟ್ಟಿಯಿಂದ ಹೆಸರು ಎತ್ತಿಕೊಂಡು ವರ್ಡ್ ಫೈಲಿನ ಖಾಲಿ ಜಾಗದಲ್ಲಿ ಇಡುತ್ತದೆ. ಹೆಸರು ಕನ್ನಡದಲ್ಲಿ ಒಂದು ಸಾಲು, ಇಂಗ್ಲಿಷಿನಲ್ಲಿ ಒಂದು ಸಾಲು. ಎರಡೂ ದಪ್ಪಕ್ಷರ, ಎರಡೂ 20ರ ಗಾತ್ರ ಅಂತ ಪ್ರೋಗ್ರಾಂನಲ್ಲಿ ಬರೆದಿತ್ತು.

64 ಫೈಲು ಒಂದು ನಿಮಿಷದೊಳಗೆ ತಯಾರಾದವು. ತೆಗೆದು ನೋಡಿದರೆ ಇಂಗ್ಲಿಷ್ ಸಾಲು ದಪ್ಪ, ದೊಡ್ಡದು. ಕನ್ನಡದ ಸಾಲು ಸಣಕಲು, ಚಿಕ್ಕದು. ಕನ್ನಡ ಪತ್ರಿಕೋದ್ಯಮದ ತರಬೇತಿ, ಪ್ರಮಾಣಪತ್ರದಲ್ಲಿ ಕನ್ನಡವೇ ಮೂಲೆಯಲ್ಲಿ ಕೂತ ಹಾಗೆ.

ಫಾಂಟ್ ಸರಿಯಿಲ್ಲ ಅಂದುಕೊಂಡೆವು. ಬೇರೆ ಫಾಂಟ್ ಹಾಕಿದೆವು. ಇಂಗ್ಲಿಷಿನ ಅಕ್ಷರ ಮಾತ್ರ ಬದಲಾಯಿತು, ಕನ್ನಡ ಹಾಗೇ ಇತ್ತು. ಲ್ಯಾಪ್‌ಟಾಪ್ ಸರಿಯಿಲ್ಲ ಅಂತ ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಮಾಡಿದೆವು. ಅದೇ ಕಥೆ. ಪಟ್ಟಿಯಲ್ಲಿ ಹೆಸರು ತಪ್ಪಾಗಿ ಟೈಪ್ ಆಗಿರಬೇಕು ಅಂತ ಮತ್ತೆ ಟೈಪ್ ಮಾಡಿದೆವು. ಎರಡು ರಾತ್ರಿ ಹೀಗೇ ಹೋಯಿತು. ಯಾವುದು ಕೆಟ್ಟಿದೆ ಅಂತ ಗೊತ್ತಿಲ್ಲದೆ ಎಲ್ಲವನ್ನೂ ಬಿಚ್ಚುವ ಪಂಪ್‌ಸೆಟ್ ರಿಪೇರಿ ಥರ.

ಮೂರನೇ ರಾತ್ರಿ ಬುದ್ಧಿ ಬಂತು. ಪ್ರೋಗ್ರಾಂ ಬದಿಗಿಟ್ಟು, ವರ್ಡ್‌ನಲ್ಲಿ ಕೈಯಲ್ಲೇ ಒಂದು ಹೆಸರು ಟೈಪ್ ಮಾಡಿ, ದಪ್ಪ ಮಾಡಿ, ದೊಡ್ಡದು ಮಾಡಿ ಸೇವ್ ಮಾಡಿದೆವು. ಅದು ಸರಿಯಾಗಿ ಬಂತು. ಈಗ ಕೈಯಲ್ಲಿ ಎರಡು ಫೈಲು, ಒಂದು ಸರಿ, ಒಂದು ತಪ್ಪು. ವರ್ಡ್‌ನ ಈಗಿನ ಫೈಲು ನಿಜಕ್ಕೂ ಒಂದು ಜಿಪ್ ಗಂಟು. ಹೆಸರಿನ ಕೊನೆಯನ್ನು ಜಿಪ್ ಅಂತ ಬದಲಿಸಿ ಬಿಚ್ಚಿದರೆ ಒಳಗಿನದೆಲ್ಲ ಕಾಣುತ್ತದೆ. ಎರಡನ್ನೂ ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿದೆವು.

ಗುಟ್ಟು ಅಲ್ಲಿತ್ತು. ವರ್ಡ್ ಫೈಲಿನೊಳಗೆ ಇಂಗ್ಲಿಷಿನಂಥ ಲಿಪಿಗೆ ಒಂದು ಲೆಕ್ಕ, ಕನ್ನಡದಂಥ ಲಿಪಿಗೆ ಬೇರೆ ಲೆಕ್ಕ. ದಪ್ಪಕ್ಕೆ ‘ಬಿ’ ಅಂತ ಒಂದು ಗುರುತಿದ್ದರೆ, ನಮ್ಮ ಲಿಪಿಯ ದಪ್ಪಕ್ಕೆ ‘ಬಿಸಿಎಸ್’ ಅಂತ ಇನ್ನೊಂದು. ಗಾತ್ರಕ್ಕೆ ‘ಎಸ್‌ಝಡ್’ ಒಂದು, ‘ಎಸ್‌ಝಡ್‌ಸಿಎಸ್’ ಇನ್ನೊಂದು. ಫಾಂಟಿನ ಹೆಸರಿಗೂ ಹಾಗೇ ಬೇರೆ ಬೇರೆ ಖಾನೆ. ‘ಸಿಎಸ್’ ಅಂದರೆ ಕಾಂಪ್ಲೆಕ್ಸ್ ಸ್ಕ್ರಿಪ್ಟ್. ಹಿಂದಿ, ಕನ್ನಡ, ಅರಬ್ಬಿಯಂಥ ಲಿಪಿಗಳನ್ನೆಲ್ಲ ಆ ಗುಂಪಿಗೆ ಹಾಕಿದ್ದಾರೆ. ಲಿಬ್ರೆ ಆಫೀಸ್‌ನಲ್ಲೂ ಹೀಗೇ, ಪಾಶ್ಚಾತ್ಯ ಲಿಪಿಗೆ ಒಂದು ಫಾಂಟು, ನಮ್ಮಂಥ ಲಿಪಿಗೆ ಇನ್ನೊಂದು ಅಂತ ಕೇಳುತ್ತದೆ.

ಕೈಯಲ್ಲಿ ದಪ್ಪ ಮಾಡಿದಾಗ ವರ್ಡ್ ತಾನಾಗಿ ಎರಡೂ ಗುರುತು ಹಾಕಿತ್ತು. ನಮ್ಮ ಪ್ರೋಗ್ರಾಂ ಮೊದಲನೆಯದನ್ನು ಮಾತ್ರ ಹಾಕುತ್ತಿತ್ತು. ಇಂಗ್ಲಿಷಿಗೆ ಹೇಳಿದ್ದೆವು, ಕನ್ನಡಕ್ಕೆ ಹೇಳುವುದನ್ನು ಮರೆತಿದ್ದೆವು. ಅಷ್ಟೇ ವಿಷಯ.

ಗೊತ್ತಾದ ಮೇಲೂ ಒಂದು ಸಲ ಮುಗ್ಗರಿಸಿದೆವು. ಗಾತ್ರದ ಖಾನೆಯಲ್ಲಿ 20 ಅಂತ ಬರೆದರೆ ಅಕ್ಷರ ಇರುವೆ ಸಾಲಿನಂತೆ ಬಂತು. ಆ ಖಾನೆಯ ಲೆಕ್ಕ ಅರ್ಧರ್ಧ ಪಾಯಿಂಟಿನದು. 20 ಬೇಕಾದರೆ 40 ಬರೆಯಬೇಕು. ಬರೆದೆವು. ಕನ್ನಡ ಎದ್ದು ನಿಂತಿತು. ರಾತ್ರಿ ಒಂದೂವರೆ ಗಂಟೆಗೆ ಯಾರಿಗೆ ಫೋನ್ ಮಾಡಿ ಹೇಳುವುದು ಅಂತ ಗೊತ್ತಾಗದೆ ನಾವೇ ಮುಖ ಮುಖ ನೋಡಿಕೊಂಡು ನಕ್ಕೆವು.

ಅಲ್ಲಿಗೆ ಮುಗಿಯಲಿಲ್ಲ. ಕಾರ್ಯಕ್ರಮದ ದಿನ ಪತ್ರ ತಗೊಂಡ ಹುಡುಗನೊಬ್ಬ ವೇದಿಕೆಯಿಂದ ಇಳಿದವನು ಸೀದಾ ನಮ್ಮ ಹತ್ತಿರ ಬಂದ. “ಸಾರ್, ನನ್ನ ಹೆಸರಿನ ಒತ್ತೆಲ್ಲಿ?” ಚಿಕ್ಕಣ್ಣ ಅನ್ನುವಂಥ ಹೆಸರು ಅವನದು. ಪತ್ರದಲ್ಲಿ ‘ಚಿಕಣ’ ಅಂತ ಇತ್ತು. ಒತ್ತುಗಳ ಬುಡದ ಚೂರು ಮಾತ್ರ ಕೂದಲೆಳೆಯಷ್ಟು ಕಾಣುತ್ತಿತ್ತು. ಹೆಸರಿನ ಜಾಗ ಒಂದು ಕೋಷ್ಟಕದಲ್ಲಿತ್ತು. ಆ ಸಾಲಿನ ಎತ್ತರವನ್ನು ‘ಸರಿಯಾಗಿ ಇಷ್ಟೇ’ ಅಂತ ನಾವು ಕಟ್ಟಿಹಾಕಿದ್ದೆವು. ಇಂಗ್ಲಿಷ್ ಅಕ್ಷರ ಇಟ್ಟು ಅಳತೆ ತೆಗೆದಿದ್ದು. ಕನ್ನಡದ ಒತ್ತು ಇಳಿಯುವ ಆಳಕ್ಕೆ ಜಾಗವೇ ಇರಲಿಲ್ಲ, ಕತ್ತರಿ ಬಿತ್ತು. ‘ಕನಿಷ್ಠ ಇಷ್ಟು’ ಅಂತ ಬಿಟ್ಟಿದ್ದರೆ ಸಾಲು ತಾನಾಗಿ ಹಿಗ್ಗುತ್ತಿತ್ತು. 11 ಪತ್ರ ಮತ್ತೆ ಪ್ರಿಂಟ್ ಹಾಕಿಸಿದೆವು. ಆ ಹುಡುಗನಿಗೆ ಅಫಿಡವಿಟ್ ತಗೊಂಡು ಬಾ ಅಂತ ಹೇಳಲಿಲ್ಲ. ತಪ್ಪು ನಮ್ಮದು, ಖರ್ಚೂ ನಮ್ಮದು.

ಇದನ್ನು ಇಷ್ಟುದ್ದ ಹೇಳಿದ್ದು ನಮ್ಮ ಜಾಣತನ ತೋರಿಸಲಿಕ್ಕಲ್ಲ, ಮೂರು ರಾತ್ರಿ ಕಳೆದದ್ದರಲ್ಲಿ ಜಾಣತನ ಏನೂ ಇಲ್ಲ. ಡಿಪ್ಲೊಮಾ ಮಾಡಿದ ನಾಲ್ಕು ಜನ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕಂಡುಹಿಡಿಯಬಹುದಾದದ್ದನ್ನು, ಸಾವಿರಗಟ್ಟಲೆ ಪತ್ರ ಹೊರಡಿಸುವವರು ಕಂಡುಹಿಡಿಯಲು ಆಗುವುದಿಲ್ಲ ಅಂದರೆ ನಂಬುವುದು ಹೇಗೆ?

ರತ್ನಮ್ಮನವರ ಪತ್ರದ್ದು ಇನ್ನೊಂದು ಬಗೆಯ ತಪ್ಪು. ನಾವು ‘ತ್ನ’ ಅಂತ ಒಂದೇ ಅಕ್ಷರ ನೋಡುತ್ತೇವೆ. ಕಂಪ್ಯೂಟರಿನೊಳಗೆ ಅದು ಮೂರು ತುಂಡು: ತ, ಅರ್ಧಾಕ್ಷರದ ಗುರುತು, ನ. ಈ ಮೂರನ್ನು ಜೋಡಿಸಿ ನ ಒತ್ತನ್ನು ತ ಕೆಳಗೆ ಕೂರಿಸುವುದು ಬೇರೆಯೇ ಒಂದು ಕೆಲಸ. ನಿಮ್ಮ ಫೋನಿನಲ್ಲಿ ಈ ಬರಹ ಸರಿಯಾಗಿ ಕಾಣುತ್ತಿದ್ದರೆ ಅದಕ್ಕೆ ಕಾರಣ ಆ ಕೆಲಸ ಮಾಡುವ ತಂತ್ರಾಂಶ ಒಳಗೆ ಕೂತಿದೆ. ಆಂಡ್ರಾಯ್ಡ್ ಫೋನಿನಲ್ಲಿ, ಕ್ರೋಮ್‌ನಲ್ಲಿ, ಲಿಬ್ರೆ ಆಫೀಸ್‌ನಲ್ಲಿ ಇರುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ. ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದು. ನೋಟೊ ಸ್ಯಾನ್ಸ್ ಕನ್ನಡದಂಥ ಒಳ್ಳೆಯ ಫಾಂಟುಗಳೂ ಪುಕ್ಕಟೆಯಾಗಿಯೇ ಸಿಗುತ್ತವೆ.

ಆದರೆ ಪಿಡಿಎಫ್ ತಯಾರಿಸುವ ಎಷ್ಟೋ ಪ್ರೋಗ್ರಾಂಗಳಿಗೆ ಈ ಜೋಡಿಸುವ ಕೆಲಸ ಬರುವುದಿಲ್ಲ. ಇಂಗ್ಲಿಷಿಗೆ ಮಾಡಿದ್ದು ಅವು. ಒಂದಾದ ಮೇಲೊಂದು ಅಕ್ಷರ ಇಟ್ಟುಕೊಂಡು ಹೋಗುತ್ತವೆ, ಇಟ್ಟಿಗೆ ಜೋಡಿಸಿದ ಹಾಗೆ. ತ ಇಟ್ಟಿತು, ಅದಕ್ಕೆ ಅರ್ಧಾಕ್ಷರದ ಕೊಂಬು ಇಟ್ಟಿತು, ಪಕ್ಕದಲ್ಲಿ ನ ಇಟ್ಟಿತು. ‘ರತ್‌ನಮ್‌ಮ’ ರೆಡಿ. ಕಡತದಲ್ಲಿ ಹೆಸರು ಸರಿಯಾಗೇ ಇರುತ್ತದೆ, ಅಚ್ಚಿನಲ್ಲಿ ಮಾತ್ರ ಒಡೆಯುತ್ತದೆ. ಕನ್ನಡ ಓದಲು ಬರುವ ಒಬ್ಬರು ಮೊದಲ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ನೋಡಿಲ್ಲ, ಅಥವಾ ‘ರವಿ’, ‘ಗೀತಾ’ ಅಂತ ಒತ್ತಿಲ್ಲದ ಹೆಸರು ಹಾಕಿ ನೋಡಿ ಸರಿ ಇದೆ ಅಂದಿರಬೇಕು.

ದಪ್ಪಕ್ಷರದ್ದು ಇನ್ನೂ ಒಂದು ತಮಾಷೆ ಇದೆ, ಅನುಭವಿಸುವವರಿಗೆ ತಮಾಷೆ ಅಲ್ಲ. ಫಾಂಟಿನ ದಪ್ಪ ರೂಪ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪ್ರೋಗ್ರಾಂ ಸುಮ್ಮನಿರುವುದಿಲ್ಲ. ಇದ್ದ ತೆಳು ಅಕ್ಷರದ ಗೆರೆಗಳಿಗೇ ಮಸಿ ಬಳಿದು ದಪ್ಪ ಮಾಡುತ್ತದೆ. ಇಂಗ್ಲಿಷಿಗೆ ಅಷ್ಟು ತೊಂದರೆ ಇಲ್ಲ. ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ, ಡ ಮತ್ತು ಢ ಇವುಗಳ ನಡುವೆ ವ್ಯತ್ಯಾಸ ಒಂದು ಸಣ್ಣ ಸೀಳು. ಮಸಿ ತುಂಬಿದರೆ ಸೀಳು ಮುಚ್ಚಿಹೋಗುತ್ತದೆ. ಸಣ್ಣ ಅಕ್ಷರ, ಹಳೇ ಪ್ರಿಂಟರು, ಮೇಲೆ ಜೆರಾಕ್ಸು ಬೇರೆ. ನಮ್ಮ ಕಡೆ ಒಂದು ನೋಟಿಸ್ ಬೋರ್ಡಿನಲ್ಲಿ ‘ಸಹಾಯಧನ’ ಎಂಬುದು ಹೀಗೇ ‘ಸಹಾಯದನ’ ಆಗಿತ್ತು. ಹಸು ಕೊಡ್ತಾರಂತೆ ಅಂತ ಒಬ್ಬ ಅಜ್ಜ ಕೇಳಿಕೊಂಡು ಬಂದಿದ್ದನ್ನು ಊರವರು ಈಗಲೂ ಹೇಳಿ ನಗುತ್ತಾರೆ. ಅಜ್ಜ ಓದಿದ್ದರಲ್ಲಿ ತಪ್ಪೇನಿತ್ತು? ಬರೆದಿದ್ದನ್ನೇ ಓದಿದರು.

ಹಾಗಂತ ಎಲ್ಲವೂ ಅಚ್ಚಿನ ತಪ್ಪಲ್ಲ. ಕೆಲವು ಸಲ ಕಡತದಲ್ಲೇ ಹೆಸರು ಕೆಟ್ಟಿರುತ್ತದೆ. ಇದಕ್ಕೆ ಹಳೇ ಚರಿತ್ರೆ ಇದೆ.

ಕನ್ನಡದಲ್ಲಿ ಟೈಪ್ ಮಾಡುವುದನ್ನು ಸಾವಿರಾರು ಜನರಿಗೆ ಕಲಿಸಿದ್ದು ಬರಹ, ನುಡಿಯಂಥ ತಂತ್ರಾಂಶಗಳು. ಅವುಗಳ ಋಣ ದೊಡ್ಡದು, ನಾವೂ ನುಡಿಯಲ್ಲೇ ಮೊದಲ ಸುದ್ದಿ ಟೈಪ್ ಮಾಡಿದವರು. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟಿದ್ದವು. ನುಡಿಯಲ್ಲಿ ‘ಕ’ ಇರುವುದು ಇಂಗ್ಲಿಷಿನ ದೊಡ್ಡ ‘ಪಿ’ ಜಾಗದಲ್ಲಿ, ‘ನ’ ಇರುವುದು ಪೌಂಡ್ ಗುರುತಿನ ಜಾಗದಲ್ಲಿ, ತಲೆಕಟ್ಟಿಗೆ ನೆತ್ತಿಯ ಮೇಲೆ ಗೀಟಿರುವ ‘ಎ’. ಫಾಂಟ್ ಇದ್ದರೆ ‘ಕನ್ನಡ’ ಕಾಣುತ್ತದೆ. ಇಲ್ಲದಿದ್ದರೆ ಪಿ, ಗೀಟು ಎ, ಪೌಂಡು, ಮತ್ತೆ ಗೀಟು ಎ ಅಂತ ಮಂತ್ರದ ಹಾಳೆ ಥರ ಕಾಣುತ್ತದೆ. ಸೈಬರ್ ಸೆಂಟರಿನಲ್ಲಿ ಹಳೇ ಫೈಲ್ ತೆಗೆದವರೆಲ್ಲ ಇದನ್ನು ನೋಡಿರುತ್ತೀರಿ. ಕನ್ನಡಕ್ಕೇ ಸ್ವಂತ ಮನೆ ಕೊಟ್ಟಿದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ನಮ್ಮ ಕಚೇರಿ, ಪತ್ರಿಕೆ, ಪ್ರೆಸ್ಸುಗಳು ಅಲ್ಲಿಗೆ ಹೋಗಲು ಬಹಳ ವರ್ಷ ಹಿಡಿಯಿತು.

ಈ ನಡುವೆಯೇ ದೊಡ್ಡ ಕೆಲಸಗಳು ಆಗಿಬಿಟ್ಟಿದ್ದವು. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರಿಗೆ ಹೋದವು. ದೇಶವೇ ತಿರುಗಿ ನೋಡಿದ ಕೆಲಸ ಅದು. ಕೈಬರಹದ ಪಹಣಿಗೆ ಯಾರ್‍ಯಾರನ್ನೋ ಕಾಯುತ್ತಿದ್ದ ಕಾಲವನ್ನು ನಮ್ಮ ಅಪ್ಪಂದಿರು ಇನ್ನೂ ಮರೆತಿಲ್ಲ. ಮತ್ತೆ ಕೈಬರಹಕ್ಕೆ ಹೋಗೋಣ ಅಂತ ಯಾರೂ ಹೇಳುತ್ತಿಲ್ಲ.

ತೊಂದರೆ ಬರುವುದು ಹಳೇ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಿಸುವಾಗ. ಹಳೆಯದರಲ್ಲಿ ‘ಅಕ್ಕಿ’ ಅಂದರೆ ಅ, ಆಮೇಲೆ ಕಿ, ಆಮೇಲೆ ಕ ಒತ್ತು, ಕಣ್ಣಿಗೆ ಕಂಡ ಕ್ರಮದಲ್ಲಿ ಇರುತ್ತದೆ. ಯೂನಿಕೋಡಿನಲ್ಲಿ ಒತ್ತು ಮೊದಲು, ಗುಡಿಸು ಕೊನೆಗೆ. ಈ ಅದಲು ಬದಲು ಮಾಡದ ಪರಿವರ್ತಕ ‘ಅಕಿ್ಕ’ ಅಂತ ಕೊಡುತ್ತದೆ. ನಿಮ್ಮ ಫೋನಿನಲ್ಲಿ ಅಲ್ಲೊಂದು ಚುಕ್ಕಿಗಳ ಸುತ್ತು ಕಾಣುತ್ತಿರಬಹುದು, ಅದೇ ಅದು. ಹಾಗೆ ಕೆಟ್ಟ ಹೆಸರನ್ನು ಎಷ್ಟು ಒಳ್ಳೆಯ ಪ್ರಿಂಟರಿಗೆ ಕೊಟ್ಟರೂ ಕೆಟ್ಟದ್ದೇ ಬರುತ್ತದೆ.

ಕಣ್ಣಿಗೇ ಕಾಣದ ತಪ್ಪು ಇನ್ನೊಂದಿದೆ. ‘ಗಂಗಮ್ಮ’ ಮತ್ತು ‘ಗ೦ಗಮ್ಮ’. ನಿಮಗೆ ಎರಡೂ ಹೆಚ್ಚುಕಮ್ಮಿ ಒಂದೇ ಕಾಣುತ್ತವೆ. ಎರಡನೆಯದರಲ್ಲಿ ಸೊನ್ನೆಯ ಜಾಗದಲ್ಲಿ ಅನುಸ್ವಾರ ಇಲ್ಲ, ಕನ್ನಡ ಅಂಕಿಯ ಸೊನ್ನೆ ಇದೆ. ಟೈಪ್ ಮಾಡಿದವರು ಎರಡೂ ಒಂದೇ ಅಂದುಕೊಂಡಿರುತ್ತಾರೆ. ಕಂಪ್ಯೂಟರಿಗೆ ಅದು ನಡುವೆ ನಂಬರು ಇರುವ ಬೇರೆ ಹೆಸರು. ಹುಡುಕಿದರೆ ಸಿಗುವುದಿಲ್ಲ, ಹೋಲಿಸಿದರೆ ಹೊಂದುವುದಿಲ್ಲ. ಗಂಗಮ್ಮ ಕೌಂಟರಿನ ಮುಂದೆ ನಿಂತು, “ಸರಿಯಾಗೇ ಇದೆಯಲ್ಲಪ್ಪ” ಅಂತಾರೆ. ಒಳಗೆ ಕೂತವರು, “ಸಿಸ್ಟಮ್ ತಗೊಳ್ತಿಲ್ಲಮ್ಮ” ಅಂತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಆದ್ದರಿಂದ ನಿಮ್ಮ ಹೆಸರು ಕೆಟ್ಟು ಬಂದಾಗ ಮೊದಲು ಕೇಳಬೇಕಾದ್ದು ಒಂದೇ: ಕಡತದಲ್ಲಿ ಕೆಟ್ಟಿದೆಯೋ, ಅಚ್ಚಿನಲ್ಲಿ ಕೆಟ್ಟಿದೆಯೋ? ಇದನ್ನು ಫೋನಿನಲ್ಲೇ ಅರ್ಧ ತಿಳಿಯಬಹುದು. ಪತ್ರದ ಮೇಲಿನ ಸಂಖ್ಯೆ ಹಾಕಿ ಆನ್‌ಲೈನ್‌ನಲ್ಲಿ ತೆಗೆದು ನೋಡಿ. ಪರದೆಯ ಮೇಲೆ ಹೆಸರು ಸರಿ ಇದ್ದು ಪಿಡಿಎಫ್‌ನಲ್ಲಿ ಮಾತ್ರ ಒಡೆದಿದ್ದರೆ ಕಡತ ಸರಿ ಇದೆ, ಕೆಟ್ಟಿರುವುದು ಅಚ್ಚು. ಪರದೆಯ ಮೇಲೂ ಕೆಟ್ಟಿದ್ದರೆ ಕಡತದಲ್ಲೇ ತಿದ್ದಿಸಬೇಕು, ಅದಕ್ಕೆ ತಿದ್ದುಪಡಿ ಅರ್ಜಿ ಹಾಕುವುದೇ ದಾರಿ. ಇನ್ನೊಂದು: ಅದೇ ಪಿಡಿಎಫ್ ನಿಮ್ಮ ಫೋನಿನಲ್ಲಿ ಸರಿಯಾಗಿ ಕಂಡು, ಸೈಬರ್‌ನವರ ಕಂಪ್ಯೂಟರಿನಲ್ಲಿ ಡಬ್ಬಿ ಡಬ್ಬಿಯಾಗಿ ಕಂಡರೆ, ಫಾಂಟನ್ನು ಫೈಲಿನೊಳಗೆ ಸೇರಿಸಿಲ್ಲ ಅಂತ ಅರ್ಥ. ಆಗ ಬೇರೆ ಕಡೆ ಪ್ರಿಂಟ್ ತೆಗೆಸಿದರೆ ಕೆಲಸ ಆದೀತು.

ಪಿಡಿಎಫ್‌ನಿಂದ ಹೆಸರನ್ನು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ ನೋಡುವ ಪರೀಕ್ಷೆಯನ್ನು ಮಾತ್ರ ನಂಬಬೇಡಿ. ಪಿಡಿಎಫ್ ಇಟ್ಟುಕೊಳ್ಳುವುದು ಮುಖ್ಯವಾಗಿ ಅಕ್ಷರದ ಆಕಾರ. ನೋಡಲು ಸರಿ ಇರುವ ಕನ್ನಡ ಪಿಡಿಎಫ್ ಕೂಡ ಕಾಪಿ ಮಾಡಿದರೆ ಚಿತ್ರಾನ್ನ ಆಗುವುದುಂಟು.

ಈಗ ನಮ್ಮ ವಾದಕ್ಕೆ ಬರುತ್ತೇವೆ. ಅಚ್ಚಿನಲ್ಲಿ ಒಡೆದ ಅಕ್ಷರಕ್ಕೆ ಅರ್ಜಿದಾರರಿಂದ ಅಫಿಡವಿಟ್ ಕೇಳುವುದು ನಿಲ್ಲಬೇಕು. ಕಡತದಲ್ಲಿ ಹೆಸರು ಸರಿ ಇದೆ ಅಂತ ಪರಿಶೀಲನೆಗೆ ಕೂತವರೇ ಅಲ್ಲೇ ತೆಗೆದು ನೋಡಬಹುದು, ಅವರ ಮುಂದೆ ಕಂಪ್ಯೂಟರ್ ಇರುತ್ತದೆ. ಎರಡು ನಿಮಿಷದ ಕೆಲಸವನ್ನು ಅವರು ಉಳಿಸಿಕೊಳ್ಳಲು ಒಬ್ಬ ಕೂಲಿ ಹೆಂಗಸು ಎರಡು ದಿನ ಕಳೆಯಬೇಕು ಅನ್ನುವುದು ಯಾವ ನ್ಯಾಯ? ಹೆಸರು ವ್ಯತ್ಯಾಸ ಅಂತ ಮೋಸ ಮಾಡುವವರೂ ಇದ್ದಾರೆ, ನಾಳೆ ಆಡಿಟ್‌ನಲ್ಲಿ ನಮ್ಮ ತಲೆಗೆ ಬರುತ್ತದೆ ಅಂತ ಒಬ್ಬ ಗುಮಾಸ್ತರು ನಮಗೆ ಹೇಳಿದರು. ಆ ಹೆದರಿಕೆ ಸುಳ್ಳಲ್ಲ. ರಾಮಣ್ಣ ಹೋಗಿ ರಾಮಯ್ಯ ಆದರೆ ಕೇಳಲಿ. ಆದರೆ ರತ್ನಮ್ಮ ಒಡೆದು ರತ್‌ನಮ್‌ಮ ಆದದ್ದು ಇನ್ನೊಬ್ಬ ವ್ಯಕ್ತಿ ಆಗಲು ಸಾಧ್ಯವೇ ಇಲ್ಲ. ಅಂಥ ಹೆಸರು ಜಗತ್ತಿನಲ್ಲಿ ಯಾರಿಗೂ ಇಲ್ಲ. ಇಷ್ಟು ತೀರ್ಮಾನ ಮಾಡುವ ಅಧಿಕಾರವನ್ನು ಕೌಂಟರಿನಲ್ಲಿ ಕೂತವರಿಗೆ ಬರಹದಲ್ಲಿ ಕೊಟ್ಟುಬಿಟ್ಟರೆ ಅವರ ಹೆದರಿಕೆಯೂ ಹೋಗುತ್ತದೆ.

ಎರಡನೆಯದು ಇನ್ನೂ ಸುಲಭ. ಯಾವುದೇ ಪತ್ರದ ಹೊಸ ನಮೂನೆಯನ್ನು ಜನರಿಗೆ ಬಿಡುವ ಮುಂಚೆ ಕಷ್ಟದ ಹೆಸರುಗಳನ್ನು ಹಾಕಿ ಒಂದು ಹಾಳೆ ಪ್ರಿಂಟ್ ತೆಗೆದು ನೋಡಲಿ. ನಮ್ಮ ಗುಂಪಿನ ಗೋಡೆಯ ಮೇಲೆ ಈಗ ಅಂಥ ಪಟ್ಟಿ ಅಂಟಿಸಿದ್ದೇವೆ. ಪುಟ್ಟಸ್ವಾಮಿ, ಲಕ್ಷ್ಮೀದೇವಮ್ಮ, ಸೂರ್ಯನಾರಾಯಣ, ಜ್ಯೋತ್ಸ್ನಾ, ಧರ್ಮೇಂದ್ರಪ್ಪ, ಫ಼ಾತಿಮಾ, ಋತ್ವಿಕ್, ಕೃಷ್ಣೋಜಿರಾವ್. ಅರ್ಕಾವತ್ತು, ಒತ್ತಿನ ಮೇಲೆ ಒತ್ತು, ನುಕ್ತಾ, ವಟ್ರಸುಳಿ ಎಲ್ಲ ಇದರಲ್ಲಿ ಬಂದುಹೋಗುತ್ತವೆ. ಜತೆಗೆ ‘ರ‍್ಯಾಂಕ್’ ಎಂಬ ಪದ. ಇದರಲ್ಲಿ ರ ನಂತರ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿದೆ, ಪ್ರೋಗ್ರಾಂ ಅದನ್ನು ಕಸ ಅಂತ ತೆಗೆದರೆ ‘ರ್ಯಾಂಕ್’ ಆಗಿಬಿಡುತ್ತದೆ. ಈ ಒಂದು ಹಾಳೆಯನ್ನು ಮಾಮೂಲಿ ಅಕ್ಷರದಲ್ಲಿ ಒಮ್ಮೆ, ದಪ್ಪಕ್ಷರದಲ್ಲಿ ಒಮ್ಮೆ, ಕೋಷ್ಟಕದೊಳಗೆ ಒಮ್ಮೆ ಅಚ್ಚು ಹಾಕಿ, ಮೇಷ್ಟ್ರೊಬ್ಬರ ಕೈಗೆ ಕೊಟ್ಟು ಜೋರಾಗಿ ಓದಿಸಿದರೆ ಸಾಕು. ಟೆಂಡರು ಬೇಡ, ಸಮಿತಿ ಬೇಡ.

1963ರ ರಾಜಭಾಷಾ ಕಾಯ್ದೆ ಕನ್ನಡವನ್ನು ಆಡಳಿತ ಭಾಷೆ ಮಾಡಿತು. ಸೇವೆ ಇಷ್ಟು ದಿನದೊಳಗೆ ಸಿಗಬೇಕು ಅಂತ 2011ರ ಕಾಯ್ದೆಯಡಿ ಸಕಾಲ ಬಂತು. ದಿನ ಎಣಿಸುವ ವ್ಯವಸ್ಥೆ ಇದೆ, ಕೈಗೆ ಬಂದ ಹಾಳೆ ಓದಲು ಬರುತ್ತದೆಯೇ ಅಂತ ನೋಡುವ ವ್ಯವಸ್ಥೆಯೂ ಬೇಕು. ನವೆಂಬರಿನಲ್ಲಿ ಬಾವುಟ ಹಾರಿಸಿ ಭಾಷಣ ಮಾಡುವವರು ಒಮ್ಮೆ ತಮ್ಮದೇ ಕಚೇರಿಯಿಂದ ಹೊರಟ ಪತ್ರದ ಒತ್ತಕ್ಷರ ನೋಡಲಿ ಅಂತ ಬರೆಯಲು ಕೈ ತುರಿಸುತ್ತಿದೆ. ಇವತ್ತಿಗೆ ಇಷ್ಟೇ ಸಾಕು.

ಮೂರನೆಯದು, ‘ಸಹಿಯ ಅಗತ್ಯವಿಲ್ಲ’ ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಬರಲಿ: ಅಕ್ಷರ ತಪ್ಪಿದ್ದರೆ ಈ ನಂಬರಿಗೆ ಹೇಳಿ. ಎತ್ತಿಕೊಳ್ಳುವ ನಂಬರು ಆಗಿರಬೇಕು, ಅದು ಮುಖ್ಯ.

ಅಕ್ಕನ ಮಗಳಿಗೆ ಹಾಸ್ಟೆಲ್ ಸೀಟು ಸಿಕ್ಕಿತು. ಕಡೇ ದಿನ ಸಂಜೆ ನಾಲ್ಕಕ್ಕೆ ಅಫಿಡವಿಟ್ ಕೊಟ್ಟು ಬಂದರು. ನಾವು ಪತ್ರ ಕೊಟ್ಟ ಕಚೇರಿಗೆ ಹೋಗಿ, ಒಡೆದಿರುವುದು ಎಲ್ಲಿ, ಸರಿಪಡಿಸುವುದು ಹೇಗೆ ಅಂತ ಒಂದು ಹಾಳೆಯಲ್ಲಿ ಬರೆದು ಕೊಟ್ಟೆವು. ಅಲ್ಲಿನ ಹುಡುಗ, “ಇದು ಮೇಲಿಂದ ಬರೋ ಸಾಫ್ಟ್‌ವೇರ್ ಸಾರ್, ಆದ್ರೂ ಕಳಿಸ್ತೀನಿ” ಅಂದ. ಒಳ್ಳೆಯ ಹುಡುಗ, ಕಳಿಸಿರಬೇಕು. ಮೊನ್ನೆ ಅದೇ ಕಚೇರಿಯಿಂದ ಬಂದ ಇನ್ನೊಂದು ಪತ್ರ ನೋಡಿದೆವು, ಒತ್ತು ಇನ್ನೂ ಪಕ್ಕದಲ್ಲೇ ನಿಂತಿದೆ.

ನಿಮ್ಮ ಮನೆಯಲ್ಲೂ ಇಂಥ ಪತ್ರ ಇದ್ದರೆ ಫೋಟೊ ತೆಗೆದು ನಮಗೆ ಕಳಿಸಿ. ಆಧಾರ್ ಸಂಖ್ಯೆ, ಸರ್ವೆ ನಂಬರು, ಫೋನ್ ನಂಬರಿನ ಮೇಲೆ ಬೆರಳಿಟ್ಟೋ ಕಾಗದ ಇಟ್ಟೋ ಮುಚ್ಚಿ ತೆಗೆಯಿರಿ. ಹೆಸರಿನ ಒಡೆದ ಭಾಗ ಕಂಡರೆ ಸಾಕು. ಒಂದಷ್ಟು ಸೇರಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗುತ್ತೇವೆ. ರತ್ನಮ್ಮನವರೂ ಬರುತ್ತೇನೆ ಅಂದಿದ್ದಾರೆ, ಕೂಲಿ ಇಲ್ಲದ ದಿನ ನೋಡಿಕೊಂಡು.